ಮೂನ್‌ಕೇಕ್ ಕೊಳ್ಳುವ ಸಸ್ಯಾಹಾರಿಗಳಿಗೆ
ಸಿಂಗಪುರದ ಚೈನಾಟೌನ್‌ಗೆ ಶರತ್ಕಾಲದ ಹುಣ್ಣಿಮೆ ಹಬ್ಬದ ದೀಪಾಲಂಕಾರ ನೋಡಲು ಮನೆಮಂದಿಯೆಲ್ಲ ಹೋಗುವಾಗ, ಕಂದು ಬಣ್ಣದ ಮೂನ್‌ಕೇಕ್ (ಈ ಹಬ್ಬಕ್ಕೆ ಮಾಡುವ, ಹೂರಣ ತುಂಬಿದ ಚೀನೀ ಸಿಹಿತಿಂಡಿ) ಬಿಟ್ಟು, ಫ್ರಿಜ್‌ನಲ್ಲಿಟ್ಟು ಮಾರುವ ‘ಸ್ನೋ ಸ್ಕಿನ್’ ಬಗೆಯಲ್ಲಿ ತಾವರೆ ಬೀಜದ ಹೂರಣದ್ದನ್ನು ಕೇಳಿ. ಕಂದು ಬಗೆಗೆ ಹೊಳಪು ಬರಲು ಸಾಮಾನ್ಯವಾಗಿ ಮೊಟ್ಟೆ ಸವರುತ್ತಾರೆ, ಸಾಂಪ್ರದಾಯಿಕವಾಗಿ ಮಾಡಿದ್ದರಲ್ಲಿ ಹಂದಿಯ ಕೊಬ್ಬೂ ಇರಬಹುದು. ಸ್ನೋ ಸ್ಕಿನ್‌ನ ಹೊದಿಕೆ ಅಂಟಕ್ಕಿ ಹಿಟ್ಟಿನದು, ಅದನ್ನು ಒಲೆಯಲ್ಲಿ ಸುಡುವುದಿಲ್ಲ. ಆದರೆ ಕೆಲವದರ ನಡುವೆ ಬಾತುಕೋಳಿ ಮೊಟ್ಟೆಯ ಉಪ್ಪು ಹಾಕಿದ ಹಳದಿ ಭಾಗ ಅಡಗಿರುತ್ತದೆ, ಕೆಲವದರಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್ ಇರುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ತಪ್ಪದೆ ಓದಿ. ಹಲಾಲ್ ಮುದ್ರೆಯನ್ನು ನೆಚ್ಚಬೇಡಿ, ಅದು ಮೊಟ್ಟೆಯನ್ನು ತಡೆಯುವುದಿಲ್ಲ. ಅಲ್ಲಿನ ಸೆಕೆಗೆ ಸ್ನೋ ಸ್ಕಿನ್ ಬೇಗ ಮೆತ್ತಗಾಗುತ್ತದೆ. ಸುತ್ತಾಟ ಮುಗಿಸಿ ಮನೆಗೆ ಹೊರಡುವಾಗ ಕೊಳ್ಳಿ.