ಅಂಚಿನ ಕಲ್ಲಿಗೆ ಚಕ್ರ ಬಡಿದರೆ: ಲೋವರ್ ಆರ್ಮ್ ಮನೆಯಲ್ಲೇ ಬದಲಾಯಿಸುವುದು ಹೇಗೆ?

ಮಳೆಗಾಲದ ಸಂಜೆ. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆಯುತ್ತಿರುತ್ತದೆ, ರಸ್ತೆ ಮೇಲೆ ನೀರು ನಿಂತಿರುತ್ತದೆ. ಅಂಚಿನ ಕಲ್ಲು ಕಾಣುವುದೇ ಇಲ್ಲ. ಕಾರವಾರದಲ್ಲಿ ಹೆದ್ದಾರಿ 66ರಿಂದ ಊರೊಳಗೆ ತಿರುಗುವಾಗ ನನ್ನ ಕಾರಿನ ಎಡ ಚಕ್ರ ಬಡಿದದ್ದು ಹೀಗೇ. ಟಯರ್ ಒಡೆದಿರಲಿಲ್ಲ, ಬಂಪರಿಗೆ ಗೀರೂ ಬಿದ್ದಿರಲಿಲ್ಲ. ಆದರೆ ಸ್ಟೇರಿಂಗನ್ನು ಸೊಟ್ಟ ಹಿಡಿದರೆ ಮಾತ್ರ ಗಾಡಿ ನೆಟ್ಟಗೆ ಹೋಗುತ್ತಿತ್ತು.

ಇಂಥ ಹೊಡೆತಕ್ಕೆ ಹೆಚ್ಚಾಗಿ ಬಾಗುವುದು ಲೋವರ್ ಆರ್ಮ್. ಚಕ್ರವನ್ನು ಕೆಳಗಡೆಯಿಂದ ಹಿಡಿದಿಡುವ ಉಕ್ಕಿನ ತೋಳು ಅದು. ಅದು ಸೊಟ್ಟಗಾಗಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಅಳತೆ ಟೇಪು ಸಾಕು. ಸಮತಟ್ಟು ಜಾಗದಲ್ಲಿ, ಸ್ಟೇರಿಂಗ್ ಸೊಟ್ಟ ಇದ್ದರೂ ಸರಿ, ಮುಂದಿನ ಚಕ್ರಗಳು ನೇರ ಇರುವಂತೆ ಗಾಡಿ ನಿಲ್ಲಿಸಿ. ಮುಂದಿನ ರಿಮ್ಮಿನ ಹಿಂಬದಿ ಅಂಚಿನಿಂದ ಹಿಂದಿನ ರಿಮ್ಮಿನ ಮುಂಬದಿ ಅಂಚಿನವರೆಗೆ ಅಳೆಯಿರಿ. ಎರಡೂ ಕಡೆ ಅಳೆದು ಹೋಲಿಸಿ. ನಾಲ್ಕೈದು ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಚಕ್ರ ಹಿಂದಕ್ಕೆ ಸರಿದಿದೆ ಅಂತಲೇ ಅರ್ಥ. ಟಯರಿನ ಒಳಬದಿಯನ್ನೂ ಕೈಯಾಡಿಸಿ ನೋಡಿ. ಗುಳ್ಳೆಯಂತೆ ಉಬ್ಬಿದ್ದರೆ ಆ ಟಯರ್ ಹಾಕಿಕೊಂಡು ಓಡಿಸುವಂತಿಲ್ಲ.

ಸ್ಟೇರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವ ಸರಳು, ಅಂದರೆ ಟೈ ರಾಡ್, ಬಾಗಿದ್ದರೆ ಹೆಚ್ಚಾಗಿ ಬರಿಗಣ್ಣಿಗೇ ಕಾಣುತ್ತದೆ. ಶಾಕ್ ಅಬ್ಸಾರ್ಬರ್ ಬಾಗಿದ್ದರೆ ಗ್ಯಾರೇಜಿಗೇ ಒಯ್ಯಿರಿ. ಅದರ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ, ಸರಿಯಾದ ಸಾಧನವಿಲ್ಲದೆ ಬಿಚ್ಚಿದರೆ ಸಿಡಿದು ಜೀವಕ್ಕೇ ಅಪಾಯ.

ಸೊಟ್ಟ ಆರ್ಮನ್ನು ಕಾಯಿಸಿ, ಬಡಿದು ನೆಟ್ಟಗೆ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಒಮ್ಮೆ ಮಡಚಿದ ಉಕ್ಕಿಗೆ ಮೊದಲಿನ ಬಲ ಬರುವುದಿಲ್ಲ. ದೇವಿಮನೆ ಘಾಟಿಯ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಆ ಭಾರ ಬೀಳುವುದು ಇದೇ ತೋಳಿನ ಮೇಲೆ. ಬುಷ್ (ಆರ್ಮಿನ ಒಳತುದಿಯನ್ನು ಗಾಡಿಗೆ ಸೇರಿಸುವ ರಬ್ಬರ್ ಭಾಗ) ಮತ್ತು ಬಾಲ್ ಜಾಯಿಂಟ್ (ಹೊರತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡಿನ ಕೀಲು) ಸಮೇತ ಹೊಸ ಆರ್ಮ್ ತನ್ನಿ. ಹೊಸ ನಟ್ಟುಗಳನ್ನೂ ತನ್ನಿ, ಒಳಗೆ ನೈಲಾನ್ ಬಳೆ ಇರುವ ನಟ್ಟನ್ನು ಎರಡನೇ ಸಲ ಬಳಸಬಾರದು.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಗಾಡಿಯಡಿಯ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಗಾಡಿ ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ. ಆಮೇಲೆ ಜಾಕ್ ಏರಿಸಿ, ಚಾಸಿಗೆ ಕಬ್ಬಿಣದ ಸ್ಟ್ಯಾಂಡ್ ಕೊಡಿ. ಅಂಗಳದಲ್ಲಿ ಚಿರೆಕಲ್ಲು ಬಿದ್ದಿರುತ್ತದೆ, ಅದನ್ನೇ ಇಟ್ಟರಾಯಿತು ಅನಿಸುತ್ತದೆ ಅಲ್ವಾ? ಖಂಡಿತ ಬೇಡ. ಮಳೆಯಲ್ಲಿ ನೆನೆದ ಚಿರೆಕಲ್ಲು ಯಾವ ಸುಳಿವೂ ಕೊಡದೆ ಪುಡಿಯಾಗುತ್ತದೆ. ಮಣ್ಣಿನ ಅಂಗಳವೂ ಬೇಡ, ಸಿಮೆಂಟ್ ನೆಲವೇ ಬೇಕು.

ಚಕ್ರ ಬಿಚ್ಚಿದ ಮೇಲೆ ಬಾಲ್ ಜಾಯಿಂಟ್ ಬಿಡಿಸಿ. ಹಲವು ಸಣ್ಣ ಕಾರುಗಳಲ್ಲಿ ಅದರ ಕಡ್ಡಿಯನ್ನು ಒಂದು ಅಡ್ಡ ಬೋಲ್ಟ್ ಹಿಡಿದಿರುತ್ತದೆ. ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು. ಯಾಕೆಂದರೆ ಬೋಲ್ಟು ಆ ಕಡ್ಡಿಯ ಕುತ್ತಿಗೆಯಲ್ಲಿರುವ ಒಂದು ಸಣ್ಣ ಕಚ್ಚಿನೊಳಗೆ ಕೂತಿರುತ್ತದೆ. ಕಡ್ಡಿಯನ್ನು ಹಿಡಿದಿರುವ ಭಾಗದ ಸೀಳಿನಲ್ಲಿ ಚಪ್ಪಟೆ ಉಳಿ ಇಟ್ಟು ಮೆಲ್ಲಗೆ ಅಗಲಿಸಿ, ಆರ್ಮನ್ನು ಕೆಳಗೆ ಅದುಮಿದರೆ ಕಡ್ಡಿ ಜಾರಿ ಬರುತ್ತದೆ. ಆಗ ಚಕ್ರ ಕೂರುವ ಹಬ್ ಭಾಗವನ್ನು ಹೊರಕ್ಕೆ ಎಳೆಯಬೇಡಿ. ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಕಳಚಿ ಗೇರ್ ಆಯಿಲ್ ಸುರಿಯಬಹುದು. ಕೆಲವು ಗಾಡಿಗಳಲ್ಲಿ ತಿರುವಿನಲ್ಲಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್ ಕೂಡ ಆರ್ಮಿಗೆ ಸೇರಿರುತ್ತದೆ, ಅದನ್ನೂ ಬಿಚ್ಚಿ. ಇನ್ನು ಒಳಬದಿಯ ಬುಷ್ ಬೋಲ್ಟುಗಳನ್ನು ತೆಗೆದರೆ ಆರ್ಮ್ ಕೈಗೆ ಬರುತ್ತದೆ. ಹೊಸದರ ಪಕ್ಕ ಇಟ್ಟು ನೋಡಿ, ಎಷ್ಟು ಬಾಗಿತ್ತು ಅಂತ ಗೊತ್ತಾಗುತ್ತದೆ.

ಹೊಸದನ್ನು ಕೂರಿಸುವುದು ಇದೇ ಕ್ರಮದ ತಿರುಗುಮುರುಗು. ಬಾಲ್ ಜಾಯಿಂಟಿನ ಬೋಲ್ಟ್ ಪೂರ್ತಿ ಬಿಗಿ ಮಾಡಿ. ಆದರೆ ಬುಷ್ ಬೋಲ್ಟುಗಳನ್ನು ಕೈಬಿಗಿಗೆ ಬಿಡಿ. ನಾನು ಮೊದಲ ಸಲ ತಪ್ಪಿದ್ದು ಇಲ್ಲೇ. ಆರ್ಮ್ ಜೋತಾಡುತ್ತಿರುವಾಗಲೇ ಶಕ್ತಿ ಹಾಕಿ ಬಿಗಿದುಬಿಟ್ಟೆ. ಎರಡೇ ತಿಂಗಳಲ್ಲಿ ಪ್ರತಿ ಹಂಪ್‌ಗೂ ಕಟ್ ಕಟ್ ಸದ್ದು ಶುರುವಾಯಿತು. ಮತ್ತೆ ಬಿಚ್ಚಿ ನೋಡಿದರೆ ಹೊಸ ಬುಷ್ಷಿನ ರಬ್ಬರ್ ಅರ್ಧಚಂದ್ರದ ಹಾಗೆ ಹರಿದಿತ್ತು. ಬೋಲ್ಟ್ ಬಿಗಿದೊಡನೆ ಬುಷ್ಷಿನ ಒಳಗಿನ ಕೊಳವೆ ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಆರ್ಮ್ ಏರಿಳಿದಾಗೆಲ್ಲ ತಿರುಚಿಕೊಳ್ಳುವುದು ರಬ್ಬರೇ. ಜೋತಾಡುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದು ಸುಮ್ನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ.

ಆದ್ದರಿಂದ ಬಾಲ್ ಜಾಯಿಂಟಿನ ಅಡಿಗೆ ಮರದ ತುಂಡಿಟ್ಟು ಜಾಕ್ ಕೊಡಿ. ಗಾಡಿ ಸ್ಟ್ಯಾಂಡಿನಿಂದ ಇನ್ನೇನು ಏಳಬೇಕು ಅನ್ನುವವರೆಗೆ ನಿಧಾನಕ್ಕೆ ಏರಿಸಿ. ಸ್ಟ್ಯಾಂಡ್ ತೆಗೆಯಬೇಡಿ, ಗಾಡಿಯಡಿಗೆ ತಲೆ ಹಾಕಬೇಡಿ. ಈಗ ಆರ್ಮ್ ಗಾಡಿ ಓಡುವಾಗಿನ ಎತ್ತರದಲ್ಲಿದೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್) ಹಾಕಿ ಬುಷ್ ಬೋಲ್ಟುಗಳನ್ನು ಬಿಗಿಯಿರಿ.

ಚಕ್ರ ಹಾಕಿದ ಮೇಲೆ ಮತ್ತೆ ಟೇಪು ಹಿಡಿದು ಎರಡೂ ಕಡೆ ಅಳೆಯಿರಿ. ನನ್ನ ಗಾಡಿಯಲ್ಲಿ ವ್ಯತ್ಯಾಸ 3 ಮಿಲಿಮೀಟರಿಗೆ ಇಳಿದಿತ್ತು. ಅಲ್ಲಿಂದ ಮೆಲ್ಲಗೆ ಓಡಿಸಿಕೊಂಡು ನೇರ ವೀಲ್ ಅಲೈನ್‌ಮೆಂಟ್‌ಗೆ ಹೋಗಿ, ಇಲ್ಲದಿದ್ದರೆ ಟಯರ್ ಒಂದೇ ಬದಿ ಸವೆಯುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿ.