600 ಕಿ.ಮೀ., 40 ಗಂಟೆ: ಕರಾವಳಿ ಮತ್ತು ಘಟ್ಟದ ಸೈಕ್ಲಿಸ್ಟರಿಗೆ ಬ್ರೆವೆ ತಯಾರಿ

ಬ್ರೆವೆ ಎಂದರೆ ಗೊತ್ತುಮಾಡಿದ ದೂರವನ್ನು ಗಡುವಿನೊಳಗೆ ಮುಗಿಸುವ ಸೈಕಲ್ ಸವಾರಿ. ಅದರಲ್ಲಿ ಯಾರು ಮೊದಲು ಬಂದರು ಎಂದು ಯಾರೂ ಬರೆದಿಡುವುದಿಲ್ಲ. ಗಡುವಿನೊಳಗೆ ಮುಟ್ಟಿದಿರಾ ಇಲ್ಲವಾ, ಅಷ್ಟೇ ಲೆಕ್ಕ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯಾಂ ಹಾಕಿಕೊಟ್ಟ ನಿಯಮದಂತೆ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ನಮ್ಮಲ್ಲಿ ಆಡಾಕ್ಸ್ ಇಂಡಿಯಾ ರಾಂಡನರ್ಸ್ ಅಡಿಯಲ್ಲಿ ಬೇರೆ ಬೇರೆ ಊರಿನ ಕ್ಲಬ್‌ಗಳು ಇವನ್ನು ನಡೆಸುತ್ತವೆ. ನವೆಂಬರಿನಿಂದ ಮುಂದಿನ ಅಕ್ಟೋಬರ್‌ವರೆಗಿನ ಒಂದೇ ಋತುವಿನಲ್ಲಿ ಈ ನಾಲ್ಕನ್ನೂ ಮುಗಿಸಿದವರು ‘ಸೂಪರ್ ರಾಂಡನರ್’. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿ.ಮೀ.ಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ಗೆ ಅರ್ಹತೆ ಸಿಗುವುದೂ ಆಯಾ ವರ್ಷದ ಈ ನಾಲ್ಕು ಸವಾರಿಗಳಿಂದಲೇ, ಮುಂದಿನದು 2027ರಲ್ಲಿ.

ನಾಲ್ಕರಲ್ಲಿ ಹೆಚ್ಚಿನವರನ್ನು ಕಾಡುವುದು 600. ಅದರ ಗಡುವು ತಪ್ಪುವುದು ಹೆಚ್ಚಾಗಿ ಹೋಟೆಲಿನ ಬೆಂಚಿನ ಮೇಲೆ. ಆದ್ದರಿಂದ ಕಾಲಿಗಿಂತ ಮೊದಲು ಗಡಿಯಾರದ ಲೆಕ್ಕ.

ಲೆಕ್ಕ

ಬೆಳಿಗ್ಗೆ 6ಕ್ಕೆ ಹೊರಟರೆ ಮರುದಿನ ರಾತ್ರಿ 10ಕ್ಕೆ ಗಡುವು. ದಾರಿಯ ಪ್ರತಿ ಕಂಟ್ರೋಲಿಗೂ (ಸವಾರರ ಕಾರ್ಡಿನಲ್ಲಿ ಸಮಯ ಬರೆಯುವ ತಪಾಸಣೆಯ ಜಾಗ) ಮುಚ್ಚುವ ಸಮಯವಿದೆ: ಮೊದಲ 60 ಕಿ.ಮೀ. ದಾಟಿದ ಮೇಲೆ ಗಂಟೆಗೆ 15 ಕಿ.ಮೀ. ಎಂದು ಹಿಡಿದರೆ ಸರಿಹೋಗುತ್ತದೆ. 300ನೇ ಕಿ.ಮೀ. ಕಂಟ್ರೋಲ್ 20ನೇ ಗಂಟೆಗೆ ಮುಚ್ಚುತ್ತದೆ, 360ನೆಯದು 24ನೇ ಗಂಟೆಗೆ.

ನಿಂತ ಹೊತ್ತನ್ನೂ ಸೇರಿಸಿ ಸರಾಸರಿ 18 ಬಂದರೆ ರಾತ್ರಿ 2ಕ್ಕೆ 360 ಕಿ.ಮೀ. ಆಗಿರುತ್ತದೆ. ಕೈಯಲ್ಲಿ ನಾಲ್ಕು ಗಂಟೆ ಉಳಿತಾಯ. ಮೂರು ಗಂಟೆ ಮಲಗಿ 5ಕ್ಕೆ ಎದ್ದು ಹೊರಟರೂ ಉಳಿದ 240 ಕಿ.ಮೀ.ಗೆ 17 ಗಂಟೆ ಇದೆ. ಅಂದರೆ ಗಂಟೆಗೆ 14ಕ್ಕಿಂತ ತುಸು ಹೆಚ್ಚು ಬಂದರೆ ಸಾಕು.

ಈಗ ಇದೇ ಲೆಕ್ಕ ಎಲ್ಲಿ ಸೋರುತ್ತದೆ ನೋಡಿ. ಏಳು ಕಡೆ ನಿಲ್ಲುವುದಿದೆ ಎಂದುಕೊಳ್ಳಿ. ಒಂದೊಂದರಲ್ಲಿ 15 ನಿಮಿಷವಾದರೆ ಒಟ್ಟು ಒಂದೂ ಮುಕ್ಕಾಲು ಗಂಟೆ. 40 ನಿಮಿಷವಾದರೆ ನಾಲ್ಕು ಗಂಟೆ 40 ನಿಮಿಷ. ವ್ಯತ್ಯಾಸ ಹತ್ತಿರಹತ್ತಿರ ಮೂರು ಗಂಟೆ, ಅಂದರೆ ನಿಮ್ಮ ನಿದ್ದೆಯಷ್ಟೂ. ಅದನ್ನು ಪೆಡಲ್ ತುಳಿದು ಗಳಿಸಬೇಕಾದರೆ ಸರಾಸರಿ ವೇಗವನ್ನು ಗಂಟೆಗೆ ಎರಡು ಕಿ.ಮೀ. ಏರಿಸಬೇಕು, ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ನಿಲ್ಲುವುದನ್ನು ಕಡಿಮೆ ಮಾಡುವುದಕ್ಕೆ ಶಿಸ್ತು ಸಾಕು: ಸೈಕಲ್ ಇಳಿಯುವ ಮೊದಲೇ ಮಾಡಬೇಕಾದ ಕೆಲಸ ಮನಸ್ಸಿನಲ್ಲಿರಲಿ. ಕಾರ್ಡ್, ನೀರು, ತಿಂಡಿ, ಶೌಚ, ಹೊರಡು. ಮೊಬೈಲ್ ತೆಗೆದಿರೋ, ಹತ್ತು ನಿಮಿಷ ಹೋಯಿತು.

ಅಭ್ಯಾಸಕ್ಕೆ ದಾರಿ

ಉತ್ತರ ಕನ್ನಡದವರಿಗೆ ಸಮತಟ್ಟು ಮತ್ತು ಘಟ್ಟ ಎರಡೂ ಮನೆ ಬಾಗಿಲಲ್ಲೇ ಇವೆ. ಎರಡು ಸುತ್ತುಗಳು ಸಾಕು.

ಚಿಕ್ಕದು ಸುಮಾರು 200 ಕಿ.ಮೀ.: ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ, ಅಲ್ಲಿಂದ ಸಿದ್ದಾಪುರ, ಮಾವಿನಗುಂಡಿ, ಜೋಗ, ಮತ್ತೆ ಮಾವಿನಗುಂಡಿಗೆ ಬಂದು ಮಲೆಮನೆ ಘಟ್ಟ ಇಳಿದು ಗೇರುಸೊಪ್ಪೆ, ಹೊನ್ನಾವರ, ಕುಮಟಾ. ಸಮುದ್ರಮಟ್ಟದಿಂದ ಹೊರಟು ಸುಮಾರು 600 ಮೀಟರ್ ಎತ್ತರದ ಶಿರಸಿಗೆ ಏರುವ ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯುತ್ತದೆ. ಶಿರಸಿ–ಸಿದ್ದಾಪುರದ ನಡುವಿನ ಏರಿಳಿತವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ದೊಡ್ಡ ಘಟ್ಟಕ್ಕಿಂತ ಮುಗಿಯದ ಸಣ್ಣ ದಿಬ್ಬಗಳು ಕಾಲನ್ನು ಹೆಚ್ಚು ತಿನ್ನುತ್ತವೆ, ಯಾಕೆಂದರೆ ಪ್ರತಿ ದಿಬ್ಬವನ್ನೂ ಜೋರಾಗಿ ಹತ್ತಿಬಿಡುವ ಆಸೆಯಾಗುತ್ತದೆ.

ದೊಡ್ಡದು ಸುಮಾರು 280: ಕಾರವಾರ, ಅಂಕೋಲಾ, ಕುಮಟಾ, ದೇವಿಮನೆ, ಶಿರಸಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಮತ್ತೆ ಅಂಕೋಲಾ, ಕಾರವಾರ. 300 ಆಗಬೇಕಿದ್ದರೆ ಕಾಳಿ ಸೇತುವೆ ದಾಟಿ ಮಾಜಾಳಿಗೆ ಹೋಗಿಬನ್ನಿ. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನಗಳು ಹೊಸ ಸೇತುವೆಯ ಮೇಲೇ ಬಂದವು. ಅಲ್ಲಿ ಅಂಚಿಗೆ ಅಂಟಿಕೊಳ್ಳದೆ ಕಾಣುವಂತೆ ಲೇನಿನಲ್ಲೇ ಹೋಗುವುದು ಒಳ್ಳೆಯದು. ಅರಬೈಲನ್ನು ಬೆಳಕಿರುವಾಗಲೇ ಇಳಿಯಿರಿ. ಹುಬ್ಬಳ್ಳಿ ಕಡೆಯ ಲಾರಿಗಳು ತಿರುವಿನಲ್ಲಿ ಪೂರ್ತಿ ರಸ್ತೆ ತೆಗೆದುಕೊಳ್ಳುತ್ತವೆ.

ಗಾಳಿಯ ವಿಷಯ: ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ, ಹೆಚ್ಚಾಗಿ ವಾಯವ್ಯದಿಂದ ಗಾಳಿ ಬೀಸುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನಿಗೆ, ಕಾರವಾರದ ಕಡೆ ಬರುವವರಿಗೆ ಮುಖಕ್ಕೆ. ಅಭ್ಯಾಸದಲ್ಲಿ ಬೇಕೆಂದೇ ಮಧ್ಯಾಹ್ನ ಉತ್ತರಕ್ಕೆ ತುಳಿಯಿರಿ. ನಿಜವಾದ ಸವಾರಿಯಲ್ಲಿ ಸಾಧ್ಯವಾದಷ್ಟು ತಪ್ಪಿಸಿ.

ಮಳೆಗಾಲದಲ್ಲಿ ಘಟ್ಟ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಆ ತಿಂಗಳುಗಳನ್ನು ಬಯಲಿನ ಒಂದು-ಎರಡು ಗಂಟೆಯ ಸವಾರಿಗೂ ಸೊಂಟ-ಹೊಟ್ಟೆಯ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೂ ಬಿಡಿ.

ವಾರಕ್ಕೆ ಎರಡು ಸಣ್ಣ ಸವಾರಿ, ಭಾನುವಾರ ಒಂದು ದೊಡ್ಡದು. ದೊಡ್ಡದನ್ನು ಎರಡು-ಮೂರು ವಾರ ಏರಿಸಿ ಒಂದು ವಾರ ಇಳಿಸಿ. 600ಕ್ಕೆ ಮುಂಚೆ ಒಮ್ಮೆಯಾದರೂ ಶನಿವಾರ 150, ಭಾನುವಾರ 120 ಹೀಗೆ ಬೆನ್ನುಬೆನ್ನಿಗೆ ತುಳಿಯಿರಿ. ಎರಡನೇ ದಿನ ಸೀಟಿನ ಮೇಲೆ ಕೂತಾಗ ಗೊತ್ತಾಗುವುದು ಮೊದಲ ದಿನ ಗೊತ್ತಾಗುವುದಿಲ್ಲ. ಕೊನೆಯ ಹತ್ತು ದಿನ ಹಗುರ ಸವಾರಿ ಮಾತ್ರ.

ಸೈಕಲ್

ದುಬಾರಿ ಸೈಕಲ್ ಬೇಕಿಲ್ಲ, ಗೇರ್ ಸರಿಯಿರಬೇಕು. ಮುಂದೆ 34 ಹಲ್ಲು, ಹಿಂದೆ 32 ಅಥವಾ 34 ಹಲ್ಲು ಇದ್ದರೆ 400 ಕಿ.ಮೀ. ತುಳಿದ ಕಾಲಿನಲ್ಲೂ ಘಟ್ಟವನ್ನು ಕೂತೇ ಹತ್ತಬಹುದು. ಹಿಂದಿನ ದೊಡ್ಡ ಚಕ್ರ 25–28 ಹಲ್ಲಿನದಾದರೆ ಎದ್ದು ತುಳಿಯಬೇಕಾಗುತ್ತದೆ, ಮೊಣಕಾಲು ಹಿಡಿದುಕೊಳ್ಳುತ್ತದೆ. ಟೈರು 28ರಿಂದ 32 ಮಿ.ಮೀ. ಇರಲಿ. 23 ಮಿ.ಮೀ. ಟೈರಿನಲ್ಲಿ ಉಳಿಯುವ ವೇಗ ಕೈ ಜೋಮು ಹಿಡಿಯುವುದಕ್ಕೇ ಹೋಗುತ್ತದೆ.

ಕರಾವಳಿಯ ಉಪ್ಪುಗಾಳಿಗೆ ಚೈನು, ಕೇಬಲ್, ಸ್ಕ್ರೂ ಬೇಗ ತುಕ್ಕು ಹಿಡಿಯುತ್ತವೆ. ಹೊರಡುವ ಎರಡು ವಾರ ಮೊದಲು ಚೈನಿನ ಸವೆತ ಅಳೆಸಿ, 0.5 ಶೇಕಡಾ ದಾಟಿದ್ದರೆ ಬದಲಿಸಿ, ಆಮೇಲೆ 100 ಕಿ.ಮೀ.ಯಾದರೂ ಓಡಿಸಿ ನೋಡಿ. ಹಿಂದಿನ ದಿನ ಏನನ್ನೂ ಹೊಸದು ಹಾಕಬೇಡಿ, ಸೀಟನ್ನಂತೂ ಮುಟ್ಟಲೇಬೇಡಿ.

ಜೊತೆಗಿರಬೇಕಾದ್ದು: ಮೂರು ಟ್ಯೂಬ್, ಪ್ಯಾಚ್, ಟೈರಿನ ಸೀಳು ಮುಚ್ಚಲು ಹಳೆಯ ಟೈರಿನ ಬೆರಳಗಲದ ತುಂಡು, ಎರಡು ಲಿವರ್, ಪಂಪು, ಚೈನ್ ಕಟರ್ ಇರುವ ಮಲ್ಟಿಟೂಲ್, ತುಂಡಾದ ಚೈನು ಜೋಡಿಸಲು ನಿಮ್ಮ ಚೈನಿಗೆ ಹೊಂದುವ ಎರಡು ಕ್ವಿಕ್ ಲಿಂಕ್, ಡಿಸ್ಕ್ ಬ್ರೇಕಿದ್ದರೆ ಒಂದು ಜೊತೆ ಪ್ಯಾಡ್, ನಾಲ್ಕಾರು ಜಿಪ್ ಟೈ, ಪಂಪಿಗೇ ಸುತ್ತಿಟ್ಟ ಇನ್ಸುಲೇಶನ್ ಟೇಪು. ಇದರ ಜೊತೆ ನಿಮ್ಮ ಫ್ರೇಮಿನದೇ ಗೇರ್ ಹ್ಯಾಂಗರ್, ಅಂದರೆ ಹಿಂದಿನ ಗೇರನ್ನು ಫ್ರೇಮಿಗೆ ಹಿಡಿಸುವ ತುಂಡು. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದು, ಮತ್ತು ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರುವುದಿಲ್ಲ. ಶಿರಸಿಯಲ್ಲಿ ಎಷ್ಟು ಒಳ್ಳೆಯ ಮೆಕ್ಯಾನಿಕ್ ಸಿಕ್ಕರೂ ಅವರೇನು ಮಾಡಿಯಾರು.

ಪಂಕ್ಚರ್ ಹಾಕುವಾಗ ಎಲ್ಲರೂ ಬಿಡುವ ಒಂದು ಹೆಜ್ಜೆ ಇದೆ. ಹೆದ್ದಾರಿಯ ಅಂಚಿನಲ್ಲಿ ಸಿಡಿದ ಲಾರಿ ಟೈರುಗಳ ಕೂದಲಿನಂಥ ಉಕ್ಕಿನ ತಂತಿ ಬಿದ್ದಿರುತ್ತದೆ. ಅದು ಟೈರಿನೊಳಗೆ ನಿಂತರೆ ಹೊರಗಿನಿಂದ ಕಾಣುವುದಿಲ್ಲ. ಟ್ಯೂಬ್ ಬದಲಿಸಿ ಹತ್ತು ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ಗಾಳಿ ಇಳಿಯುತ್ತದೆ. ತೆಗೆದ ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನಿಂದ ಅದು ಎಷ್ಟು ದೂರವಿದೆ ನೋಡಿ, ಟೈರಿನಲ್ಲಿ ಅದೇ ಜಾಗವನ್ನು ಒಳಗಿನಿಂದ ಬಟ್ಟೆಯ ಚೂರಿನಿಂದ ಒರೆಸಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಂತಿ. ಬೆರಳಿನಿಂದ ಒರೆಸಿದರೆ ಬೆರಳು ಸೀಳುತ್ತದೆ.

ಘಟ್ಟ ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದಿರಬೇಡಿ. ತಿರುವಿಗೆ ಮೊದಲು ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಸದಾ ಉಜ್ಜುತ್ತಿದ್ದರೆ ಡಿಸ್ಕ್ ಕಾದು ಹಿಡಿತ ಹೋಗುತ್ತದೆ. ರಿಮ್ ಬ್ರೇಕಿನಲ್ಲಿ ರಿಮ್ಮೇ ಕಾದು ಟ್ಯೂಬ್ ಸಿಡಿಯುವುದೂ ಉಂಟು.

ಹೊಟ್ಟೆ

ಕಾಲು ಸೋತರೂ ನಿಧಾನವಾಗಿ ಮುಂದೆ ಸಾಗಬಹುದು, ಹೊಟ್ಟೆ ಕೆಟ್ಟರೆ ಸವಾರಿ ಮುಗಿದಂತೆ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೊಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ. ಅಂಗಡಿಯ ಎನರ್ಜಿ ಜೆಲ್‌ಗೆ ದುಡ್ಡು ಸುರಿಯಬೇಕಿಲ್ಲ, ಶಿರಸಿ ಕಡೆ ಜೋನಿ ಬೆಲ್ಲ (ದ್ರವ ಬೆಲ್ಲ) ಇದೆ. 100 ಗ್ರಾಂ ಜೋನಿ ಬೆಲ್ಲಕ್ಕೆ ಅರ್ಧ ನಿಂಬೆಹಣ್ಣು, ಎರಡು ಚಿಟಿಕೆ ಉಪ್ಪು ಕಲಸಿ ಹಿಂಡುವ ಸಣ್ಣ ಬಾಟಲಿಯಲ್ಲಿ ತುಂಬಿಕೊಳ್ಳಿ. ಅದು ಹೆಚ್ಚುಕಡಿಮೆ ಒಂದು ಗಂಟೆಯ ಪಾಲು. 15–20 ನಿಮಿಷಕ್ಕೊಮ್ಮೆ ಒಂದು ಗುಟುಕು, ಹಿಂದೆಯೇ ನೀರು. ಎಲ್ಲವನ್ನೂ ಒಟ್ಟಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ.

ಸಿಹಿಯೊಂದರ ಮೇಲೇ 40 ಗಂಟೆ ಕಳೆಯಲಾಗದು. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಉಪ್ಪು-ಹುಳಿ ಕೇಳುತ್ತದೆ. ಇಡ್ಲಿ, ಮೊಸರನ್ನ, ಗಂಜಿ-ಉಪ್ಪಿನಕಾಯಿ, ಬೆಳಿಗ್ಗೆಯಾದರೆ ಬನ್ಸ್ ಒಂದೆರಡು. ಘಟ್ಟದ ಮೇಲೆ ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ, ಅದರ ಉಪ್ಪೇ ನಿಮಗೆ ಬೇಕಾದ್ದು. ಬನ್ಸ್ ಬಿಟ್ಟರೆ ಬೇರೆ ಕರಿದದ್ದು ಮತ್ತು ಮಸಾಲೆ ಬೇಡ. ಕಾರವಾರದ ಮೀನೂಟ ಸವಾರಿ ಮುಗಿದ ಮೇಲೆ. ಖಾರ, ಎಣ್ಣೆ, ತೆಂಗಿನಕಾಯಿ ಅರಗಲು ತೆಗೆದುಕೊಳ್ಳುವ ಹೊತ್ತಿಗೆ ನೀವು ಅರ್ಧ ಘಟ್ಟದಲ್ಲಿರುತ್ತೀರಿ.

ನೀರು ಗಂಟೆಗೆ 500ರಿಂದ 750 ಮಿ.ಲೀ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಇಳಿಯುತ್ತದೆ: ತಲೆನೋವು, ವಾಕರಿಕೆ, ಬೆರಳು ಊದುವುದು, ಗೊಂದಲ. ಇದನ್ನು ನೀರಡಿಕೆ ಎಂದುಕೊಂಡು ಇನ್ನಷ್ಟು ನೀರು ಕುಡಿಯುವುದು ಅಪಾಯ. ಮಾತು ತಡವರಿಸಿದರೆ ಅಥವಾ ಗೊಂದಲ ಹೆಚ್ಚಾದರೆ ಸವಾರಿ ಅಲ್ಲಿಗೆ ಬಿಟ್ಟು ಆಸ್ಪತ್ರೆಗೆ ಹೋಗಿ. ಎರಡು ಬಾಟಲಿಯಲ್ಲಿ ಒಂದು ಸದಾ ಓಆರ್‌ಎಸ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣವನ್ನು ಒಂದು ಲೀಟರಿಗೆ ಕಲಸಿದರೆ ಸುಮಾರು 1.7 ಗ್ರಾಂ ಸೋಡಿಯಂ, 13.5 ಗ್ರಾಂ ಗ್ಲೂಕೋಸ್ ಸಿಗುತ್ತದೆ. ಗ್ಲೂಕೋಸ್ ಕಡಿಮೆ ಇರುವುದರಿಂದ ಅದು ಊಟದ ಬದಲಿಯಲ್ಲ. ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಪಕ್ಕದಲ್ಲೇ ಇಟ್ಟಿರುವ ಸಿಹಿ ಪಾನೀಯದ ಡಬ್ಬಿ ಬೇರೆ, ಪೊಟ್ಟಣದ ಮೇಲಿನ ಸೂತ್ರ ಓದಿ ಕೊಳ್ಳಿ.

ರಾತ್ರಿ

ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಜಾಕೆಟ್ ಕಡ್ಡಾಯ. ಹೆಲ್ಮೆಟ್ಟಿನ ಟಾರ್ಚು ಲೆಕ್ಕಕ್ಕಿಲ್ಲ, ದೀಪ ಸೈಕಲ್ಲಿಗೇ ಬಿಗಿದಿರಬೇಕು. ಮುಂದೆ-ಹಿಂದೆ ಎರಡೆರಡು ಇಟ್ಟುಕೊಳ್ಳಿ. ಬೆಳಗಿನವರೆಗೆ 11–12 ಗಂಟೆಯಷ್ಟು ಕತ್ತಲಿದೆ. ದೀಪದ ಡಬ್ಬಿಯ ಮೇಲೆ ಬರೆದ ಗಂಟೆಯನ್ನು ನಂಬದೆ ಮನೆಯಲ್ಲೇ ಮಧ್ಯಮ ಬೆಳಕಿನಲ್ಲಿ ಹಚ್ಚಿಟ್ಟು ಎಷ್ಟು ಹೊತ್ತು ಬರುತ್ತದೆ ನೋಡಿ. ಘಟ್ಟಗಳಲ್ಲಿ ನೆಟ್‌ವರ್ಕ್ ಹೋಗುತ್ತದೆ, ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ. ಕಾಡುಹಂದಿ, ಕಾಡುಕೋಣ ರಸ್ತೆಗೆ ಬರುವ ಜಾಗ ಇದು; ಇಳಿಜಾರಿನಲ್ಲಿ ದೀಪ ಕಾಣಿಸುವಷ್ಟು ದೂರದಲ್ಲಿ ನಿಲ್ಲಿಸಬಲ್ಲ ವೇಗಕ್ಕಿಂತ ಹೆಚ್ಚು ಬೇಡ.

ಡಿಸೆಂಬರ್-ಜನವರಿಯಲ್ಲಿ ಕೆಳಗೆ ಬೆವರಿ ಮೇಲೆ ಹತ್ತಿದವರು ಶಿರಸಿ-ಯಲ್ಲಾಪುರದ ಇಬ್ಬನಿಯಲ್ಲಿ ನಡುಗುತ್ತಾರೆ. ಒಂದು ತೆಳು ಗಾಳಿತಡೆ ಜಾಕೆಟ್ ಸಾಕು. ಅದೂ ಇಲ್ಲದಿದ್ದರೆ ಅಂಗಿಯೊಳಗೆ ಎದೆಗೆ ಎರಡು ಮಡಿಕೆ ದಿನಪತ್ರಿಕೆ.

ರಾತ್ರಿ 2ರಿಂದ 5ರ ನಡುವೆ ನಿದ್ದೆ ಎಳೆಯುತ್ತದೆ. ಬಿಳಿ ಗೆರೆ ಎರಡಾಗಿ ಕಂಡರೆ, ಕಳೆದ ಒಂದು ಕಿ.ಮೀ. ನೆನಪಿಲ್ಲದಿದ್ದರೆ ಆ ಕ್ಷಣವೇ ಇಳಿಯಿರಿ. ಒಂದು ಲೋಟ ಕಾಫಿ ಕುಡಿದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿ ಹತ್ತಿರುತ್ತದೆ. ಮೂರು ಗಂಟೆ ಮಲಗುವುದಿದ್ದರೆ ಲಾಡ್ಜಿಗೆ ಸಂಜೆಯೇ ಫೋನ್ ಮಾಡಿ ರಾತ್ರಿ 2ಕ್ಕೆ ಬಾಗಿಲು ತೆಗೆಯುವವರು ಯಾರು ಎಂದು ಕೇಳಿಟ್ಟುಕೊಳ್ಳಿ. ಸಣ್ಣ ಊರಿನ ಹೋಟೆಲುಗಳು 10ರೊಳಗೆ ಮುಚ್ಚುತ್ತವೆ, ಹಾಗಾಗಿ ರಾತ್ರಿಯ ತಿಂಡಿ 9ಕ್ಕೇ ಚೀಲ ಸೇರಿರಲಿ.

ಮೈ

ಪ್ಯಾಡ್ ಇರುವ ಬಿಬ್ ಶಾರ್ಟ್ಸಿನ ಒಳಗೆ ಚಡ್ಡಿ ಬೇಡ. ಅದರ ಹೊಲಿಗೆಯೇ ಚರ್ಮ ಉಜ್ಜುವುದು. ಹೊರಡುವಾಗ ವ್ಯಾಸಲೀನ್, 200 ಕಿ.ಮೀ.ಗೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ. ಮಲಗುವ ಜಾಗದಲ್ಲಿ ಇನ್ನೊಂದು ಶಾರ್ಟ್ಸ್ ಬದಲಿಸಿ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿರಬಹುದು ಅಥವಾ ಗೇರ್ ಭಾರವಾಗಿದೆ. ಹಿಂಭಾಗ ನೋಯುತ್ತಿದ್ದರೆ ಸೀಟು ಎತ್ತರ. ಎರಡು ಮಿ.ಮೀ.ಗಿಂತ ಹೆಚ್ಚು ಒಮ್ಮೆಗೇ ಬದಲಿಸಬೇಡಿ. ಕಿರುಬೆರಳು ಜೋಮು ಹಿಡಿದರೆ ಹ್ಯಾಂಡಲಿನ ಮೇಲೆ ಭಾರ ಹೆಚ್ಚಾಗಿದೆ ಎಂದರ್ಥ, ಹತ್ತು ನಿಮಿಷಕ್ಕೊಮ್ಮೆ ಕೈ ಜಾಗ ಬದಲಿಸಿ. ನೋವಿನ ಮಾತ್ರೆ ನುಂಗಿ ತುಳಿಯುವುದು ಬೇಡ. ನೀರಿಳಿದ ದೇಹದಲ್ಲಿ ಐಬುಪ್ರೊಫೆನ್‌ನಂಥವು ಮೂತ್ರಪಿಂಡಕ್ಕೆ ಕೆಟ್ಟದ್ದು.

ಕಂಟ್ರೋಲ್ ಬಿಟ್ಟು ದಾರಿಯಲ್ಲಿ ಮನೆಯವರ ಕಾರು ಹಿಂದೆ ಬರುವುದು, ನೀರು ಕೊಡುವುದು ನಿಯಮಕ್ಕೆ ವಿರುದ್ಧ. ಅವರನ್ನು ಕೊನೆಯ ಕಂಟ್ರೋಲಿಗೆ ಬರಹೇಳಿ. ಕಾರ್ಡಿನಲ್ಲಿ ಎಲ್ಲ ಸಮಯ ಬರೆದಿದೆಯೇ, ನಿಮ್ಮ ಸಹಿ ಇದೆಯೇ ನೋಡಿ ಒಪ್ಪಿಸಿದ ಮೇಲೆ ಸೈಕಲ್ ಅವರ ಗಾಡಿಗೆ ಏರಿಸಿ. 40 ಗಂಟೆಯಲ್ಲಿ ಮೂರು ಗಂಟೆ ಮಲಗಿದವರು ತಾವೇ ಬೈಕು-ಕಾರು ಓಡಿಸಿಕೊಂಡು ಊರಿಗೆ ಹೊರಡಬಾರದು. ಬಸ್ಸಿದೆ, ರೈಲಿದೆ, ಇಲ್ಲವೇ ಅಲ್ಲೇ ಮಲಗಿ ಬೆಳಿಗ್ಗೆ ಹೊರಡಿ.