ಜ್ವರದ ಜೊತೆ ಮೈಮೇಲೆ ದದ್ದು: ಮಕ್ಕಳಲ್ಲಿ ಯಾವುದು ಏನೆಂದು ಗುರುತಿಸುವ ಬಗೆ

ಮಗುವಿಗೆ ಜ್ವರ ಬಂದು ಮೈಮೇಲೆ ಏನಾದರೂ ಎದ್ದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ‘ಅಮ್ಮ ಆಗಿದೆ’ ಅಂದುಬಿಡುತ್ತೇವೆ. ಬೇವಿನ ಸೊಪ್ಪು ಇಟ್ಟು ಮಗುವನ್ನು ಬೇರೆ ಮಲಗಿಸುವುದರಲ್ಲಿ ತಪ್ಪಿಲ್ಲ, ಬೇರೆ ಮಲಗಿಸಿದರೆ ಸೋಂಕು ಹರಡುವುದು ತಗ್ಗುತ್ತದೆ. ತೊಂದರೆ ಇರುವುದು ಆ ಒಂದೇ ಹೆಸರಿನಲ್ಲಿ. ದಡಾರ, ಸೀತಾಳ ಸಿಡುಬು, ಡೆಂಗಿ, ಕವಾಸಾಕಿ (ರಕ್ತನಾಳಗಳಿಗೆ ಉರಿಯೂತ ತರುವ ಕಾಯಿಲೆ) ಎಲ್ಲವೂ ‘ಅಮ್ಮ’ನೇ ಆದರೆ ಮನೆಯಲ್ಲೇ ಕಾಯಬಹುದಾದದ್ದು ಯಾವುದು, ಇವತ್ತೇ ಆಸ್ಪತ್ರೆಗೆ ಹೊರಡಬೇಕಾದದ್ದು ಯಾವುದು ಎಂದು ಗೊತ್ತಾಗುವುದೇ ಇಲ್ಲ.

ಮೊದಲ ಕೆಲಸ ಗೋಡೆಯ ಕ್ಯಾಲೆಂಡರ್‌ನಲ್ಲಿ. ಜ್ವರ ಶುರುವಾದ ದಿನಕ್ಕೊಂದು ಗುರುತು, ದದ್ದು ಕಂಡ ದಿನಕ್ಕೊಂದು ಗುರುತು ಹಾಕಿ. ರಕ್ತಪರೀಕ್ಷೆಗಿಂತ ಮುಂಚೆ ವೈದ್ಯರಿಗೆ ದಾರಿ ತೋರಿಸುವುದು ಇದೇ ಲೆಕ್ಕ.

ಆಮೇಲೆ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ ಹಗಲು ಬೆಳಕಿನಲ್ಲಿ ನೋಡಿ. ನಮ್ಮ ಮಕ್ಕಳ ಮೈಬಣ್ಣದಲ್ಲಿ ದದ್ದು ಕೆಂಪಗೆ ಕಾಣದೆ ಕಂದಾಗಿ, ಕಪ್ಪಾಗಿ ಕಾಣಬಹುದು. ಹಾಗಾಗಿ ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಭಾಗ, ಬಾಯಿಯ ಅಂಗುಳ ಇವನ್ನು ಬಿಡದೆ ನೋಡಬೇಕು. ಒರಟಾಗಿದೆಯೇ, ಉಬ್ಬಿದೆಯೇ ಎಂದು ಬೆರಳಾಡಿಸಿ ನೋಡಿ. ನಂತರ ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಚುಕ್ಕೆಗಳ ಮೇಲೆ ಒತ್ತಿ. ಒತ್ತಿದಾಗ ಮಾಯವಾದರೆ ಅದು ಸಾಮಾನ್ಯವಾಗಿ ರಕ್ತನಾಳ ಹಿಗ್ಗಿದ್ದರಿಂದ ಎದ್ದ ದದ್ದು. ಮಾಯವಾಗದಿದ್ದರೆ ಚರ್ಮದೊಳಗೆ ರಕ್ತ ಸೋರಿದೆ ಎಂದರ್ಥ. ಜ್ವರವಿರುವ ಮಗುವಿಗೆ ಮಾಯವಾಗದ ಚುಕ್ಕೆ ಇದ್ದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಡೆಂಗಿ ಇರಬಹುದು, ಗಂಟೆಗಳಲ್ಲೇ ಪ್ರಾಣ ತೆಗೆಯಬಲ್ಲ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕೂ ಇರಬಹುದು. ಹಾಗೆಂದು ಚುಕ್ಕೆ ಮಾಯವಾಯಿತೆಂದು ನಿಶ್ಚಿಂತರಾಗಬೇಡಿ: ಆರಂಭದಲ್ಲಿ ಆ ಸೋಂಕಿನ ದದ್ದೂ ಮಾಯವಾಗಬಹುದು. ಮಗು ಮಂಕಾಗಿದ್ದರೆ ಮಂಕುತನವೇ ದೊಡ್ಡ ಲಕ್ಷಣ.

ದಡಾರದಲ್ಲಿ ಮೂರ್ನಾಲ್ಕು ದಿನ ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು ಮೊದಲು ಬರುತ್ತವೆ. ಆಗ ಕೆನ್ನೆಯ ಒಳಬದಿಗೆ ಟಾರ್ಚ್ ಹಾಕಿದರೆ ರವೆ ಉದುರಿಸಿದಂಥ ಬಿಳಿ ಚುಕ್ಕೆ ಕಾಣಬಹುದು. ದದ್ದು ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಶುರುವಾಗಿ ಎರಡು ಮೂರು ದಿನದಲ್ಲಿ ಕಾಲಿಗಿಳಿಯುತ್ತದೆ. ಆಗಲೂ ಜ್ವರ ಏರಿಯೇ ಇರುತ್ತದೆ. ತಾಯಿ ಕಾರ್ಡ್ ತೆಗೆದು ದಡಾರ-ರುಬೆಲ್ಲಾ ಲಸಿಕೆ ಎರಡೂ ಸಲ ಆಗಿದೆಯೇ ನೋಡಿ: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ದಡಾರ ಎಂಬ ಅನುಮಾನ ಬಂದರೆ ಆಶಾ ಕಾರ್ಯಕರ್ತೆಗೆ ಹೇಳಲೇಬೇಕು. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 2 ಲಕ್ಷ ಯೂನಿಟ್‌ನಂತೆ ಎರಡು ದಿನ ವಿಟಮಿನ್ ಎ ಕೊಡುತ್ತಾರೆ. ಅದು ಕಣ್ಣನ್ನೂ ಜೀವವನ್ನೂ ಉಳಿಸುವ ಔಷಧ. ಆದರೆ ಆಸ್ಪತ್ರೆಯವರು ಅಳೆದು ಕೊಡಬೇಕು, ಮನೆಯಲ್ಲಿ ಅಂದಾಜಿಗೆ ಹಾಕಬಾರದು.

ಸೀತಾಳ ಸಿಡುಬು ಗುರುತಿಸುವುದು ಸುಲಭ: ನವೆ, ನೀರುಗುಳ್ಳೆ, ಒಂದೇ ಜಾಗದಲ್ಲಿ ಹೊಸ ಗುಳ್ಳೆ, ಒಡೆದದ್ದು, ಹಕ್ಕಳೆ ಕಟ್ಟಿದ್ದು ಎಲ್ಲ ಒಟ್ಟಿಗೆ ಇರುತ್ತವೆ. ಎಲ್ಲಕ್ಕೂ ಹಕ್ಕಳೆ ಕಟ್ಟುವವರೆಗೆ ಶಾಲೆಗೆ ಕಳಿಸಬೇಡಿ. ಗುಳ್ಳೆ ಅಂಗೈ, ಅಂಗಾಲು, ಕುಂಡೆ, ಬಾಯೊಳಗೆ ಇದ್ದರೆ ಅದು ಕೈ-ಕಾಲು-ಬಾಯಿ ರೋಗ. 2022ರಲ್ಲಿ ಕೇರಳದಿಂದ ‘ಟೊಮೇಟೊ ಜ್ವರ’ ಎಂಬ ಹೆಸರು ಹಬ್ಬಿ ಹೆದರಿಕೆಯಾಗಿತ್ತು. ಕೋಲಾರದ ಟೊಮೇಟೊಗೂ ಅದಕ್ಕೂ ಸಂಬಂಧವಿಲ್ಲ. ಕೆಂಪಗೆ ಉಬ್ಬಿದ ಗುಳ್ಳೆಗಳಿಂದ ಬಂದ ಹೆಸರದು. ಇನ್ನು ಎರಡು ವರ್ಷದೊಳಗಿನ ಕೂಸಿಗೆ ಮೂರು ದಿನ ಜೋರು ಜ್ವರ ಬಂದು, ಜ್ವರ ಬಿಟ್ಟ ಮೇಲೆ ದದ್ದು ಎದ್ದು, ಕೂಸು ಆಡಿಕೊಂಡಿದ್ದರೆ ಅದು ಬಹುಮಟ್ಟಿಗೆ ರೋಸಿಯೋಲಾ ಎಂಬ ವೈರಸ್ ಸೋಂಕು. ತಾನಾಗಿ ಹೋಗುತ್ತದೆ.

ಆದರೆ ಜ್ವರ ಬಿಟ್ಟಿತೆಂದು ಎಲ್ಲ ಕಡೆ ಸಮಾಧಾನ ಪಡುವಂತಿಲ್ಲ. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿಯುವಾಗ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಹೊಟ್ಟೆನೋವು, ಬಿಡದ ವಾಂತಿ, ಒಸಡಲ್ಲಿ ರಕ್ತ, ತಣ್ಣನೆಯ ಕೈಕಾಲು, ಆರು ಗಂಟೆಯಾದರೂ ಉಚ್ಚೆ ಹೋಗದಿರುವುದು ಕಂಡರೆ ಮಗುವನ್ನು ದಾಖಲಿಸಬೇಕು. ಎನ್‌ಎಸ್1 ಪರೀಕ್ಷೆ (ರಕ್ತದಲ್ಲಿ ಡೆಂಗಿ ವೈರಸ್ಸಿನ ಅಂಶ ಹುಡುಕುವುದು) ಮೊದಲ ಐದು ದಿನದಲ್ಲಿ ಹೆಚ್ಚು ನಂಬಿಕೆಗೆ ಅರ್ಹ, ಐಜಿಎಂ ಪರೀಕ್ಷೆ (ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವುದು) ಐದನೇ ದಿನದ ನಂತರ. ಎರಡನೇ ದಿನ ಐಜಿಎಂ ಮಾಡಿಸಿ ‘ಡೆಂಗಿ ಇಲ್ಲ’ ಎಂದುಕೊಳ್ಳುವ ತಪ್ಪಿಗೂ ಆ ಕ್ಯಾಲೆಂಡರ್ ಗುರುತೇ ಮದ್ದು.

ವೈರಸ್ಸಿನದಲ್ಲದ ಒಂದನ್ನು ಇಲ್ಲಿ ಹೇಳಲೇಬೇಕು. ಹುಲ್ಲು, ಪೊದೆಯಲ್ಲಿ ಆಡುವ ಮಕ್ಕಳಿಗೆ ಮಳೆಗಾಲದ ಸುಮಾರಿಗೆ ಸ್ಕ್ರಬ್ ಟೈಫಸ್ (ಸಣ್ಣ ನುಸಿ ಕಚ್ಚಿ ಹರಡುವ ಬ್ಯಾಕ್ಟೀರಿಯಾ ಸೋಂಕು) ಬರುತ್ತದೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ ಇದೆಯೇ ಹುಡುಕಿ. ಅದು ನೋಯುವುದಿಲ್ಲ, ಆದ್ದರಿಂದ ಮಗು ಹೇಳುವುದೂ ಇಲ್ಲ. ಗುರುತು ಸಿಕ್ಕರೆ ಸರಿಯಾದ ಆಂಟಿಬಯಾಟಿಕ್ ಬೇಗ ಶುರುವಾಗುತ್ತದೆ.

ಹೆಚ್ಚು ಸಲ ಕೈತಪ್ಪುವುದು ಕವಾಸಾಕಿ. ಐದು ದಿನ ಬಿಡದ ಜ್ವರದ ಜೊತೆ ಪಿಸುರಿಲ್ಲದ ಕೆಂಗಣ್ಣು, ಒಡೆದ ಕೆಂಪು ತುಟಿ ಅಥವಾ ಕೆಂಪು ನಾಲಿಗೆ, ದದ್ದು, ಊದಿದ ಕೈಕಾಲು, ಕತ್ತಿನಲ್ಲಿ ಗಡ್ಡೆ, ಈ ಐದರಲ್ಲಿ ನಾಲ್ಕಿದ್ದರೆ ರೋಗ ಖಚಿತವೆಂದು ಹಿಡಿಯುತ್ತಾರೆ. ಇವು ಒಂದೇ ದಿನ ಕಾಣುವುದಿಲ್ಲ, ಒಂದು ಮಾಯವಾಗಿ ಇನ್ನೊಂದು ಬರುತ್ತದೆ. ಆದ್ದರಿಂದ ದಿನವೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಎಡತೋಳಿನ ಹಳೆಯ ಬಿಸಿಜಿ (ಕ್ಷಯದ ಲಸಿಕೆ) ಗುರುತು ಕೆಂಪಗಾಗಿದ್ದರೆ ಅದನ್ನೂ ತೋರಿಸಿ. ಅದು ಬಲವಾದ ಸುಳಿವು. ಆರು ತಿಂಗಳೊಳಗಿನ ಕೂಸಿನಲ್ಲಿ ಜ್ವರವೊಂದನ್ನು ಬಿಟ್ಟರೆ ಹೆಚ್ಚೇನೂ ಕಾಣದಿರಬಹುದು. ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ (ರಕ್ತನಾಳದ ಮೂಲಕ ಕೊಡುವ ಪ್ರತಿಕಾಯ ಔಷಧ) ಹಾಕಿದರೆ ಹೃದಯದ ರಕ್ತನಾಳ ಉಬ್ಬುವ ಅಪಾಯ ಸುಮಾರು 25 ಪ್ರತಿಶತದಿಂದ 5ರ ಆಸುಪಾಸಿಗೆ ಇಳಿಯುತ್ತದೆ.

ಕೋವಿಡ್ ಬಂದ 2ರಿಂದ 6 ವಾರದ ನಂತರ ಬರುವ ಎಂಐಎಸ್-ಸಿ (ಮಕ್ಕಳ ಹಲವು ಅಂಗಗಳಿಗೆ ಉರಿಯೂತ ತರುವ ಕಾಯಿಲೆ) ಕವಾಸಾಕಿಯನ್ನೇ ಹೋಲುತ್ತದೆ. ಹೊಟ್ಟೆನೋವು, ಭೇದಿ ಅದರಲ್ಲಿ ಹೆಚ್ಚು. ಪ್ಲೇಟ್‌ಲೆಟ್ ಇಳಿಯುವುದರಿಂದ ಡೆಂಗಿಯೆಂದು ಭ್ರಮೆಯಾಗುತ್ತದೆ. ಸಿಆರ್‌ಪಿ (ದೇಹದಲ್ಲಿನ ಉರಿಯೂತ ತೋರಿಸುವ ರಕ್ತಪರೀಕ್ಷೆ) ತುಂಬ ಏರಿದ್ದರೆ ಡೆಂಗಿ ಎಂದು ಅಲ್ಲಿಗೇ ನಿಲ್ಲಬಾರದು. ಕವಾಸಾಕಿಯಲ್ಲಿ ಎರಡನೇ ವಾರ ಪ್ಲೇಟ್‌ಲೆಟ್ ಏರುತ್ತದೆ. ಎರಡರಲ್ಲೂ ಹೃದಯದ ಎಕೋ (ಶಬ್ದತರಂಗದ ಸ್ಕ್ಯಾನ್) ಬೇಕು. ಹತ್ತಿರದಲ್ಲಿ ಆಗದಿದ್ದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಅಥವಾ ಜಯದೇವ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ.

ಮನೆಯಲ್ಲಿ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ: ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಸಿರಪ್ ಬಾಟಲಿ ಎರಡು ಬಗೆ ಇರುತ್ತದೆ, ಮೋಸಹೋಗುವುದು ಇಲ್ಲೇ. 10 ಕಿಲೋ ಮಗುವಿಗೆ ‘5 ಎಂಎಲ್‌ಗೆ 120’ ಎಂದು ಬರೆದದ್ದಾದರೆ 6 ಎಂಎಲ್, ‘5 ಎಂಎಲ್‌ಗೆ 250’ ಆದರೆ 3 ಎಂಎಲ್ ಮೀರಬಾರದು. ಊಟದ ಚಮಚ ಬೇಡ, ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳವನ್ನೇ ಬಳಸಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ. ಐಬುಪ್ರೊಫೆನ್ ಮತ್ತು ಆಸ್ಪಿರಿನ್ ನೀವಾಗಿ ಕೊಡಬೇಡಿ: ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚುತ್ತದೆ, ಸೀತಾಳ ಸಿಡುಬಿನಲ್ಲಿ ಆಸ್ಪಿರಿನ್ ಮೆದುಳಿಗೂ ಯಕೃತ್ತಿಗೂ ಹಾನಿ ಮಾಡಬಲ್ಲದು. ಆಸ್ಪತ್ರೆಗೆ ಹೊರಡುವಾಗ ತಾಯಿ ಕಾರ್ಡ್, ದಿನ ಬರೆದ ಕ್ಯಾಲೆಂಡರ್ ಹಾಳೆ, ಕೊಟ್ಟ ಎಲ್ಲ ಔಷಧದ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ದದ್ದು ಆ ಔಷಧದಿಂದಲೇ ಎದ್ದಿರಬಹುದು.